ಮುಳುಗದ ನೀರುಕೋಳಿಗಳು

“ನೀರುಕೋಳಿ ನಲವತ್ತೊಂದು, ಬರ್ಕೋ,” ಎಂದ ಅಣ್ಣ, ದುರ್ಬೀನು ಇಳಿಸದೆ.

ತಂಗಿಯ ಪೆನ್ನು ಮೇಲೇಳಲಿಲ್ಲ. ಕೆರೆಯ ನಡುವೆ ಸಾಲಾಗಿ ತೇಲುತ್ತಿದ್ದ ಕಪ್ಪು ಚುಕ್ಕೆಗಳು ಮೀನಿನ ಬಲೆಗೆ ಕಟ್ಟಿದ ಬೆಂಡುಗಳೆಂದು ಅವಳ ಬರಿಗಣ್ಣಿಗೇ ನಿಚ್ಚಳವಾಗಿ ಕಾಣುತ್ತಿತ್ತು.

ನಡುಚಳಿಗಾಲದ ಹಕ್ಕಿ ಎಣಿಕೆಗೆ ಇಬ್ಬರೂ ಇಪ್ಪತ್ತೆರಡು ವರ್ಷದಿಂದ ಬರುತ್ತಿದ್ದಾರೆ. ಅಣ್ಣ ಎಣಿಸಬೇಕು, ತಂಗಿ ಬರೆಯಬೇಕು; ಅದರಲ್ಲಿ ಎರಡನೇ ಮಾತಿಲ್ಲ. ಜೀವನವಿಡೀ ಗಡಿಯಾರ ರಿಪೇರಿ ಮಾಡಿದವನ ಕಣ್ಣು, ಸಾಮಾನ್ಯವೇ? ಅದನ್ನು ಹೇಳಿಕೊಳ್ಳುವುದರಲ್ಲಿ ಅವನೂ ಜಿಪುಣತನ ಮಾಡಿದವನಲ್ಲ. ಆದರೆ ಕಳೆದ ಮೂರು ಚಳಿಗಾಲ ಅವನು ತಪ್ಪಿದಾಗಲೆಲ್ಲ ಅವಳು ಸದ್ದಿಲ್ಲದೆ ಸರಿಯಾದ ಸಂಖ್ಯೆ ಬರೆದಿದ್ದಳು. ಎರಡು ಕೊಕ್ಕರೆ ಹೆಚ್ಚು, ನಾಲ್ಕು ಬಾತು ಕಡಿಮೆ. ಅಷ್ಟನ್ನೆಲ್ಲ ಯಾರು ನೆನಪಿಟ್ಟುಕೊಳ್ಳುತ್ತಾರೆ?

ನಲವತ್ತೊಂದನ್ನು ನುಂಗುವುದು ಹೇಗೆ? ಈ ವರ್ಷ ನೀರುಕೋಳಿ ಬಂದೇ ಇಲ್ಲ. ಕಾರ್ಖಾನೆಯ ಹೊಲಸು ಕೆರೆಗೆ ಸೇರುತ್ತಿದೆಯೆಂದು ಸುತ್ತಲಿನವರು ದೂರು ಕೊಟ್ಟಿದ್ದರು. ಮಧ್ಯಾಹ್ನದ ವಿಚಾರಣೆಗೆ ಈ ಹಾಳೆಯೇ ಸಾಕ್ಷಿ; ಹಕ್ಕಿ ಇದೆಯೆಂದರೆ ದೂರು ಬಿದ್ದುಹೋಗುತ್ತದೆ. ಸುಮ್ಮನೆ ಸೊನ್ನೆ ಹಾಕಿಬಿಡೋಣವೆಂದರೆ, ಅಲ್ಲಿ ಅಣ್ಣನನ್ನೇ ಕೇಳುತ್ತಾರೆ, ಅವನು ನಲವತ್ತೊಂದೆಂದು ಎದೆ ತಟ್ಟಿ ಹೇಳುತ್ತಾನೆ. ಸುಳ್ಳು ಉಳಿದರೆ ಕೆರೆ ಹಾಳಾಗುತ್ತದೆ, ನಿಜ ಹೇಳಿದರೆ ಅಣ್ಣ ಕುಗ್ಗುತ್ತಾನೆ.

“ಅಣ್ಣಾ, ಅವು ಬಲೆಯ ಬೆಂಡು,” ಎಂದಳು.

ಅವನು ಮತ್ತೆ ದುರ್ಬೀನು ಹಿಡಿದು ಬಹಳ ಹೊತ್ತು ನೋಡಿದ. ಚಳಿಗೆ ಮೂಗು ಸೋರುತ್ತಿತ್ತು, ಒರೆಸಿಕೊಳ್ಳಲಿಲ್ಲ.

“ಇಷ್ಟು ಹೊತ್ತಲ್ಲಿ ಒಂದಾದ್ರೂ ಮುಳುಗಿ ಏಳ್ಬೇಕಿತ್ತು,” ಎಂದ ಕೊನೆಗೆ. “ನಂಗೆ ಹೊಳೀಲೇ ಇಲ್ಲ ನೋಡು.” ದುರ್ಬೀನು ಇಳಿಸಿ ಕೇಳಿದ: “ಹೋದ ವರ್ಷದ್ದು?”

“ನಾನೇ ಸರಿ ಮಾಡಿದ್ದೆ. ಅದರ ಹಿಂದಿನ ಎರಡು ವರ್ಷದ್ದೂ.”

ಅವನ ಮುಖ ಕೆಂಪೇರಿತು. ಕಣ್ಣು ಮಂಜಾದದ್ದಕ್ಕಿಂತ ತನ್ನನ್ನು ಮಗುವಿನಂತೆ ಸಂಭಾಳಿಸಿದ್ದೇ ಅವನಿಗೆ ಹೆಚ್ಚು ನಾಟಿತ್ತು. ಅದು ಅವಳಿಗೆ ಗೊತ್ತಾಯಿತು. ಬೈಯಲಿ ಎಂದು ಕಾದಳು. ಅವನು ಬೈಯಲಿಲ್ಲ. ದಡದ ಕಲ್ಲಿನ ಮೇಲೆ ಕುಳಿತು, ನೀರುಕೋಳಿಯ ಮುಂದೆ ಸೊನ್ನೆ ಹಾಕಲು ಹೇಳಿದ. ಅವಳು ಹಾಕಿದಳು.

ಆಮೇಲೆ ಹಾಳೆಯನ್ನು ಕೇಳಿ ತೆಗೆದುಕೊಂಡು ಮೂಗಿನ ಹತ್ತಿರ ಹಿಡಿದ. ‘ಎಣಿಸಿದವರು’ ಎಂಬಲ್ಲಿದ್ದ ತನ್ನ ಹೆಸರು ಹೊಡೆದುಹಾಕಿ, ಪಕ್ಕದಲ್ಲಿ ತಂಗಿಯ ಹೆಸರು ಬರೆದ. ಅಕ್ಷರಗಳು ಗೆರೆ ಬಿಟ್ಟು ಕೆಳಗಿನ ಸಾಲಿಗೆ ಇಳಿದಿದ್ದವು. ಅವಳು ತಿದ್ದಲಿಲ್ಲ.