ಮೂವತ್ತೈದು ಅಡಿಯ ಕೇಜ್

ನನ್ನ ಮಾಜಿ ಗಂಡ ಗ್ಯಾರೆಟ್ ಅಳತೆ ಟೇಪು ಹಿಡಿದು ಬಂದಾಗಲೇ ನನಗೆ ಅನುಮಾನ ಬರಬೇಕಿತ್ತು. ಹನ್ನೆರಡು ವರ್ಷ ಈ ಮನೆಯಲ್ಲಿದ್ದು ಒಂದು ಮೊಳೆ ಹೊಡೆಯದ ಮನುಷ್ಯ, ಈಗ ಇನ್ನೊಬ್ಬಳ ಗಂಡನಾದ ಮೇಲೆ ನನ್ನ ಹಿತ್ತಲನ್ನು ಉದ್ದಗಲ ಅಳೆಯುತ್ತಿದ್ದ.

"ಕೋಲ್ಬಿಯ ಬೇಸ್‌ಬಾಲ್ ಪ್ರಾಕ್ಟೀಸಿಗೆ ಬಲೆ ಸುತ್ತಿದ ಬ್ಯಾಟಿಂಗ್ ಕೇಜ್ ಹಾಕಿಸ್ತಿದೀನಿ ಟ್ರೀನಾ. ಖರ್ಚೆಲ್ಲ ನಂದು, ಜಾಗ ನಿಂದು."

"ಜಾಗ ನಂದು ಅಂತ ನೆನಪಿದೆಯಲ್ಲ, ಪುಣ್ಯ."

"ಬೇಡ ಅನ್ಸಿದ್ರೆ ಈಗ್ಲೇ ಹೇಳ್ಬಿಡು. ನಮ್ಮನೇಲೇ ಹಾಕಿಸ್ತೀನಿ. ದಿನಾ ಸಂಜೆ ಅವ್ನು ಅಲ್ಲಿಗೇ ಬರ್ತಾನೆ, ಅಷ್ಟೇ."

ಅವನ ವರಸೆಯೇ ಇದು. ಬೆದರಿಕೆಯನ್ನೂ ಉಡುಗೊರೆ ಥರ ಕೊಡುತ್ತಾನೆ. ಕೋರ್ಟಿನ ಪ್ರಕಾರ ಬುಧವಾರ ಮತ್ತು ತಿಂಗಳಿಗೆರಡು ವಾರಾಂತ್ಯ ಅವನವು, ಉಳಿದ ಸಂಜೆಗಳು ನನ್ನವು. ಅವೂ ಹೋದರೆ ನನ್ನ ಮಗ ಕೋಲ್ಬಿ ನನ್ನ ಮನೆಗೆ ಮಲಗಲು ಮಾತ್ರ ಬರುತ್ತಾನೆ.

ಆ ಸಂಜೆಗಳು ಬಿಟ್ಟರೆ ನನಗೆ ಬೇರೆ ಏನೂ ಇರಲಿಲ್ಲ. ನಮ್ಮ ಓಕ್ಲಹೋಮಾದ ಕಡೆ ಮಗನಿಗೆ ಬಾಲ್ ಎಸೆಯುವುದು ಅಪ್ಪನ ಕೆಲಸ. ನಮ್ಮ ಮನೆಯ ಅಪ್ಪನಿಗೆ ಗಾಲ್ಫ್ ಇತ್ತು. ಹಾಗಾಗಿ ಕೋಲ್ಬಿ ಪುಟ್ಟ ಪ್ಲಾಸ್ಟಿಕ್ ಬ್ಯಾಟು ಹಿಡಿದಂದಿನಿಂದ ಎಸೆದವಳು ನಾನೇ. ಶಾಲೆಯ ಬಸ್ಸು ನಿಲ್ಲಿಸಿ ಮನೆಗೆ ಬಂದವಳು ಡ್ರೈವರ್ ಜಾಕೆಟ್ಟನ್ನೂ ಬಿಚ್ಚದೆ ಬಾಲಿನ ಬಕೆಟ್ ಎತ್ತಿಕೊಂಡು ಹಿತ್ತಲಿಗೆ ಹೋಗುತ್ತಿದ್ದೆ. ನೆರೆಮನೆ ಗಂಡಸರು ಬೇಲಿಗೆ ಒರಗಿ ನಗುತ್ತಿದ್ದರು. ನಗಲಿ, ಅವರ ಮಕ್ಕಳಲ್ಲಿ ಒಬ್ಬನಾದರೂ ಹೈಸ್ಕೂಲ್ ತಂಡಕ್ಕೆ ಆಯ್ಕೆಯಾದನೆ? ನಾನು ನಿಂತು ನಿಂತು ಅಲ್ಲೊಂದು ಕಡೆ ಹುಲ್ಲೆಲ್ಲ ಸವೆದು ಬರೀ ಕೆಂಪು ಮಣ್ಣು ಉಳಿದಿತ್ತು.

ಶನಿವಾರ ಅಡುಗೆಮನೆಯ ಮೇಜಿನ ಸುತ್ತ ಮೂವರೂ ಕೂತು ಗ್ಯಾರೆಟ್‌ನ ಫೋನಿನಲ್ಲಿ ಕೇಜ್‌ಗಳನ್ನು ನೋಡಿದೆವು. ನಮ್ಮ ಕಡೆಯ ಗಾಳಿಗೆ ಯಾವ ಕಂಬ ತಡೆಯುತ್ತದೆ, ಬಲೆಯ ದಾರ ಎಷ್ಟು ದಪ್ಪ ಇರಬೇಕು ಎಂಬುದರಲ್ಲಿ ಜಗಳವಿರಲಿಲ್ಲ. ಜಗಳ ಬಂದದ್ದು ಉದ್ದದಲ್ಲಿ. ಒಂದು ಎಪ್ಪತ್ತು ಅಡಿಯದು, ಇನ್ನೊಂದು ಮೂವತ್ತೈದರದು.

"ಎಪ್ಪತ್ತರದೇ ಇರ್ಲಿ. ಬಟ್ಟೆ ಹರವೋ ತಂತಿ ಕಿತ್ತಾಕಿದ್ರೆ ಜಾಗ ಸರಿಹೋಗುತ್ತೆ" ಅಂದೆ.

"ಬಾಲ್ ಎಸೆಯೋ ಮಷೀನ್ ಜೊತೇಲೇ ಬರುತ್ತೆ ಕಣೆ. ಮಷೀನಿಗೆ ಮೂವತ್ತೈದು ಧಾರಾಳ ಸಾಕು."

"ಮಷೀನಿಗೆ ಸಾಕು. ಅಷ್ಟು ಹತ್ರ ನಿಂತು ಎಸೆದ್ರೆ, ಅವ್ನು ಹೊಡೆದಾಗ ನನ್ನ ಹಲ್ಲು ಉಳಿಯುತ್ತಾ?"

ಗ್ಯಾರೆಟ್ ಕೋಲ್ಬಿಯ ಮುಖ ನೋಡಿದ. ಅಂದರೆ ಇಬ್ಬರೂ ಮೊದಲೇ ಮಾತಾಡಿಕೊಂಡಿದ್ದರು.

"ಬಾಯಿ ಬಿಡೋ. ನಿಂಗ್ಯಾವ್ದು ಬೇಕು?"

ಕೋಲ್ಬಿ ಮೇಜಿನ ಅಂಚು ಕೆರೆಯುತ್ತಾ ಹೇಳಿದ. "ಗಿಡ್ಡದು ಸಾಕಮ್ಮ. ನಿನ್ನ ಬಾಲು ಈಗ ನಂಗೆ ನಿಧಾನ. ಅದನ್ನೇ ಹೊಡೀತಾ ಇದ್ರೆ ಟೈಮಿಂಗ್ ಕೆಡುತ್ತೆ ಅಂತಾರೆ ಕೋಚ್."

"ನಿಧಾನಾನಾ? ಬ್ಯಾಟ್ ತಗೊಂಡ್ ಬಾ."

"ಅಮ್ಮಾ, ಬಿಡು ಈಗ..."

"ತಗೊಂಡ್ ಬಾರೋ ಅಂದೆ!"

ನನ್ನ ಕೆಂಪು ಮಣ್ಣಿನ ಮೇಲೆ ನಿಂತೆ. ಗ್ಯಾರೆಟ್ ಹಿತ್ತಲ ಮೆಟ್ಟಿಲ ಮೇಲೆ ಕೈಕಟ್ಟಿ ಕೂತ. ನನ್ನಲ್ಲಿದ್ದ ಶಕ್ತಿಯನ್ನೆಲ್ಲ ಹಾಕಿ ಎಸೆದೆ. ಭುಜದೊಳಗೆ ಏನೋ ಛಳಕ್ ಎಂದಿತು. ಬಾಲು ನೇರವಾಗಿ, ಅವನ ಮೊಣಕಾಲಿಗಿಂತ ಸ್ವಲ್ಪ ಮೇಲೆ, ನಾನು ಅಂದುಕೊಂಡ ಜಾಗಕ್ಕೇ ಹೋಯಿತು. ಇಡೀ ಜೀವನದಲ್ಲಿ ಅದಕ್ಕಿಂತ ಚೆನ್ನಾಗಿ ನಾನು ಎಸೆದಿಲ್ಲ.

ಕೋಲ್ಬಿ ಅದಕ್ಕಾಗಿ ಕಾದ. ಹೌದು, ಕಾದ. ಬಾಲು ಬರುವ ಮುಂಚೆಯೇ ಬ್ಯಾಟು ಬೀಸಿಬಿಡುವಂತಾಗಿ, ಕೈ ತಡೆದುಕೊಂಡು, ಆಮೇಲೆ ಹೊಡೆದ. ಬಾಲು ಬೇಲಿ ದಾಟಿ, ನೆರೆಮನೆಯ ಗ್ಯಾರೇಜನ್ನೂ ದಾಟಿ ಹೋಯಿತು.

ಗೆದ್ದವನ ನಗು ಅವನ ಮುಖದಲ್ಲಿದ್ದಿದ್ದರೆ ಸಹಿಸಿಕೊಳ್ಳುತ್ತಿದ್ದೆ. ಅವನು ಬ್ಯಾಟು ಕೆಳಗಿಟ್ಟು ಹತ್ತಿರ ಬಂದು, "ಸಾಕಮ್ಮ, ಭುಜಕ್ಕೆ ಐಸ್ ಇಟ್ಕೋ" ಅಂದ. ನನ್ನನ್ನು ನೋಡಿ ಅವನಿಗೆ ಅಯ್ಯೋ ಅನ್ನಿಸಿತ್ತು. ಆ ಕರುಣೆ ನನಗೆ ಬೇಡವಾಗಿತ್ತು.

"ಗಿಡ್ಡದನ್ನೇ ಹಾಕ್ಸು" ಎಂದೆ ಗ್ಯಾರೆಟ್‌ಗೆ. "ಆದ್ರೆ ಇಲ್ಲೇ ಹಾಕ್ಸು."

ಮುಂದಿನ ವಾರ ಕೆಲಸದವರು ಬಂದು ಗುಂಡಿ ತೋಡಿ, ಕಂಬ ನೆಟ್ಟು, ಕಾಂಕ್ರೀಟು ಸುರಿದರು. ಸುತ್ತಲೂ ಮೇಲೂ ಕಪ್ಪು ಬಲೆ ಬಿಗಿದರು. ನಾನು ನಿಲ್ಲುತ್ತಿದ್ದ ಜಾಗ ಬಲೆಯಿಂದ ಹೊರಗೇ ಉಳಿಯಿತು. ಅಲ್ಲಿ ಹುಲ್ಲಿನ ಬೀಜ ಚೆಲ್ಲಿ, ನೀರು ಹಾಕಲು ನನಗೆ ಹೇಳಿ ಹೋದರು. ನಾನು ಹಾಕಲಿಲ್ಲ.

ಈಗ ದಿನಾ ಸಂಜೆ, ಅವನು ಹೊಡೆದ ಬಾಲು ತಾಗದಂತೆ ನಿಲ್ಲಿಸಿದ ತಡೆಬಲೆಯ ಹಿಂದೆ ಮಷೀನಿನ ಪಕ್ಕ ಸ್ಟೂಲು ಹಾಕಿಕೊಂಡು ಕೂರುತ್ತೇನೆ. ತಿರುಗುವ ಎರಡು ಚಕ್ರಗಳ ನಡುವೆ ಒಂದೊಂದೇ ಬಾಲು ಜಾರಿಸುವುದು ನನ್ನ ಕೆಲಸ. ಹಾಕುವ ಮುನ್ನ ಬಾಲನ್ನು ಎತ್ತಿ ಹಿಡಿದು ತೋರಿಸಬೇಕು, ಇಲ್ಲದಿದ್ದರೆ ಅದು ಯಾವಾಗ ಬರುತ್ತದೆಂದು ಅವನಿಗೆ ಗೊತ್ತಾಗುವುದಿಲ್ಲ. ಅವನು ನನ್ನ ಮುಖ ನೋಡುವುದಿಲ್ಲ, ಕೈ ನೋಡುತ್ತಾನೆ. ಅಷ್ಟಾದರೂ ಇದೆಯಲ್ಲ ಎಂದು ಸಮಾಧಾನ ಮಾಡಿಕೊಂಡಿದ್ದೆ.

ನಿನ್ನೆ ಬ್ಯಾಟಿನಿಂದ ಶೂಗೆ ತಟ್ಟುತ್ತಾ ಕೋಲ್ಬಿ ತುಂಬಾ ಖುಷಿಯಲ್ಲಿದ್ದ.

"ಅಮ್ಮಾ, ಕ್ರಿಸ್ಮಸ್‌ಗೆ ಅಪ್ಪ ಇದಕ್ಕೊಂದು ಡಬ್ಬ ಕೊಡಿಸ್ತಾರಂತೆ. ಬಾಲೆಲ್ಲ ತುಂಬಿಟ್ರೆ ತಾನೇ ಒಂದೊಂದಾಗಿ ಹಾಕ್ಕೊಳ್ಳುತ್ತಂತೆ. ದೀಪ ಹತ್ತಿ ಸಿಗ್ನಲ್ಲೂ ಕೊಡುತ್ತೆ. ಆಮೇಲೆ ನೀನು ಈ ಚಳೀಲಿ ಕೂರೋದೇ ಬೇಡ."

"ಒಳ್ಳೇದಾಯ್ತು ಬಿಡು" ಎಂದೆ.

"ಎಲ್ಲಿ, ಕೈ ಎತ್ತು."

ಎತ್ತಿದೆ.