ಹೊಳೆಗೆ ಹೋಗುವ ಹೆಜ್ಜೆ

ಟಣ್ ಅಂದಿತು, ಮತ್ತೆ ಟಣ್, ಎಲ್ಲೋ ಕಿಟಕಿಯ ಸರಳು ಸಡಿಲಾಗಿರಬೇಕು ಅಂದುಕೊಂಡಳು ಕೌಸರ್, ಈ ಬಸ್ಸಿನಲ್ಲಿ ಸಡಿಲಾಗದ್ದು ಯಾವುದಿದೆ, ಆದರೆ ಸಪ್ಪಳ ಅವಳ ಕೈ ಕೆಳಗೆ ಹೋದಾಗ ಮಾತ್ರ ಬರುತ್ತಿತ್ತು, ಮೇಲೆ ಬಂದಾಗ ಇಲ್ಲ — ತಲೆ ಎತ್ತದೆ ಓರೆಗಣ್ಣಲ್ಲಿ ನೋಡಿದಳು, ಅಬ್ಬಾನ ಬಲಗಾಲು, ಚಪ್ಪಲಿ ಕಳಚಿದ ಬಲಗಾಲು, ಮೊಣಕಾಲು ನೋವಿಗೆಂದು ಯಾರೋ ಹೇಳಿದ್ದಕ್ಕೆ ಹೆಬ್ಬೆರಳಿಗೆ ಹಾಕಿಕೊಂಡ ತಾಮ್ರದ ಉಂಗುರ, ಅವಳು ಎದೆ ಒತ್ತಿದಾಗೊಮ್ಮೆ ಆ ಕಾಲು ತುಸು ಹಾರುತ್ತದೆ, ಉಂಗುರ ಸೀಟಿನ ಕಬ್ಬಿಣದ ಕಾಲಿಗೆ ಬಡಿಯುತ್ತದೆ, ಟಣ್. ನೋಡಬಾರದು, ಎದೆಯನ್ನು ನೋಡಬೇಕು, ಅಂಗೈ ಮೇಲೆ ಅಂಗೈ, ಮೊಣಕೈ ಮಡಿಚಬಾರದು, ಎರಡು ಇಂಚು ಕೆಳಗೆ, ಪೂರಾ ಮೇಲೆ, ಹನ್ನೊಂದು, ಹನ್ನೆರಡು — ಸವದತ್ತಿಯಲ್ಲಿ ತಂಗಿ ಫಿರದೋಸಳ ಕೂಸನ್ನು ನೋಡಿಕೊಂಡು ಇಬ್ಬರೂ ಮಧ್ಯಾಹ್ನದ ಬಸ್ಸು ಹತ್ತಿದ್ದು, ಬೈಲಹೊಂಗಲದಲ್ಲಿ ಇಳಿದು ಸಂಪಗಾಂವದ ಬಸ್ಸು ಹಿಡಿದರೆ ಮನೆ, ಅಬ್ಬಾ ಕಿಟಕಿಯ ಪಕ್ಕ ಕೂತು ಅದೊಂದು ಮಾತು ಕೇಳಿದ, ಅವಳು ಮೊಬೈಲಿನಲ್ಲಿ ಮುಖ ಹುದುಗಿಸಿದಳು, ಸ್ವಲ್ಪ ಹೊತ್ತಿಗೆ ಅವನ ತಲೆ ಅವಳ ಭುಜದ ಮೇಲೆ ಬಿತ್ತು, ನಿದ್ದೆ ಹತ್ತಿತೇನೋ ಅಂತ ಹಾಗೇ ಬಿಟ್ಟಳು. ನರ್ಸು, ಒಂಬತ್ತು ವರ್ಷದ ನರ್ಸು, ಹಾಗೇ ಬಿಟ್ಟಳು, ಒಂದು ನಿಮಿಷವೋ ಮೂರು ನಿಮಿಷವೋ, ಆಮೇಲೆ ಕುತ್ತಿಗೆ ಮುಟ್ಟಿದರೆ ನಾಡಿ ಇರಲಿಲ್ಲ, ಸೀಟುಗಳ ನಡುವಿನ ನೆಲಕ್ಕೆ ಇಳಿಸಿ ಮಲಗಿಸಿದಳು.

ಎಲ್ಲೂ ನಿಲ್ಲಸಬ್ಯಾಡ್ರಿ ಅಣ್ಣಾ, ಹೊಡೀರಿ ಎಂದು ಕಂಡಕ್ಟರ್ ಅನ್ನಪೂರ್ಣಾ ಡ್ರೈವರನಿಗೆ ಕೂಗುತ್ತಿದ್ದಾಳೆ, ಅಂಬುಲೆನ್ಸಿಗೆ ಫೋನ್ ಹಚ್ಚೇನ್ರಿ ಸಿಸ್ಟರ್, ಅದು ಬರೂ ಹೊತ್ತಿಗೆ ನಾವಽ ದವಾಖಾನಿ ಮುಟ್ತೇವಿ, ಹದಿನಾಲ್ಕು ಕಿಲೋಮೀಟರ್ ಅಷ್ಟಽ, ಅಷ್ಟಽ ಅನ್ನುತ್ತಾಳೆ ಪುಣ್ಯಾತ್ಗಿತ್ತಿ, ಹದಿನಾಲ್ಕು ಕಿಲೋಮೀಟರ್ ಎಂದರೆ ಎಷ್ಟು ಒತ್ತು ಅಂತ ಇವಳಿಗೇನು ಗೊತ್ತು, ನಿಮಿಷಕ್ಕೆ ನೂರಾ ಹತ್ತು, ಮೂವತ್ತಕ್ಕೊಮ್ಮೆ ಬಾಯಿಗೆ ಎರಡು ಉಸಿರು. ಬಸ್ಸು ತಗ್ಗು ದಿನ್ನೆ ನೋಡದೆ ಹಾರುತ್ತಿದೆ, ಜನರೆಲ್ಲ ಸರಳು ಹಿಡಿದು ಜೋಲಾಡುತ್ತಿದ್ದಾರೆ, ಒಬ್ಬ ಆಗಲೇ ಮೊಬೈಲ್ ಎತ್ತಿ ವಿಡಿಯೋ ಹಿಡಿದಿದ್ದಾನೆ, ಅವಳೊಬ್ಬಳೇ ಏನನ್ನೂ ಹಿಡಿದಿಲ್ಲ, ಎರಡೂ ಕೈ ಅಬ್ಬಾನ ಎದೆಯ ಮೇಲಿವೆ, ನೆಲಕ್ಕೂರಿದ ಮಂಡಿಗಳು ತಗ್ಗು ಬರುವ ಮೊದಲೇ ತಗ್ಗನ್ನು ತಿಳಿದು ಮೈಯ ಭಾರವನ್ನು ಅತ್ತಿಂದಿತ್ತ ಹೊರಳಿಸುತ್ತವೆ, ಇದನ್ನು ಯಾವ ನರ್ಸಿಂಗ್ ಕಾಲೇಜಿನಲ್ಲಿ ಕಲಿಸುತ್ತಾರೆ, ಇದು ಲಗಮಪ್ಪ ಕಾಕಾನ ಕಣದಲ್ಲಿ ಕಲಿತದ್ದು, ಮೊಹರಮ್ಮಿನ ಹೆಜ್ಜೆಮೇಳ, ಕಾಲಿಗೆ ಗೆಜ್ಜೆ, ಕೈಯಲ್ಲಿ ಬಣ್ಣದ ವಸ್ತ್ರ, ಹಲಗೆಯ ಸಪ್ಪಳಕ್ಕೆ ಸುತ್ತುಗಟ್ಟಿ ಕುಣಿಯುವುದು, ಗಂಡಸರಿಗೆ ಮಾತ್ರ, ಹೆಣ್ಣುಮಕ್ಕಳು ಬಾಗಿಲ ಸಂದಿಯಿಂದ ನೋಡಬೇಕು. ಅವಳು ಸಂದಿ ದಾಟಿದ್ದಳು, ಹತ್ತು ವರ್ಷದವಳು, ಕಾಕಾ ನನಗೂ ಹೇಳಿಕೊಡ್ರಿ, ಲಗಮಪ್ಪ ಎಲೆಅಡಿಕೆ ಉಗುಳಿ ನಕ್ಕಿದ್ದ, ಬಾ ನಮ್ಮವ್ವಾ, ಈ ಕೋಣಗೋಳಿಗೆ ಹೇಳಿ ಹೇಳಿ ನನ್ನ ಹಲ್ಲು ಬಿದ್ದಾವು, ಕಾಲು ಊರೂದು ಎಮ್ಮಿಗೂ ಬರತೈತಿ, ಎತ್ತೂದು ಕಲಿ, ಪೂರಾ ಎತ್ತು, ಆಮ್ಯಾಲ ಊರು. ಪೂರಾ ಮೇಲೆ, ಈಗ ಕೆಳಗೆ, ಟಣ್. ಎರಡು ವರ್ಷ ಯಾರಿಗೂ ತಿಳಿಯದ ಹಾಗೆ ಕಣದಲ್ಲಿ ಕಲಿತಳು, ಬೇಗದ ಹೆಜ್ಜೆ ಕಲಿತಳು, ಕೊನೆಯ ದಿನದ ಹೆಜ್ಜೆಯನ್ನೂ ಕಲಿತಳು, ಅದು ಮೊಹರಮ್ಮಿನ ದೇವರು ಮುಳುಗಲು ಹೊಳೆಗೆ ಹೋಗುವಾಗಿನದು, ನಿಧಾನದ್ದು, ಕಾಲಿಗೆ ಮಣ್ಣು ಕಟ್ಟಿದಂತೆ ಎಳೆದೆಳೆದು ಇಡುವುದು, ಅದನ್ನ ಸುಮ್ ಸುಮ್ನ ಹಾಕಬ್ಯಾಡ ಯವ್ವಾ, ಅದು ಕಳಿಸಿ ಬರೂ ಹೆಜ್ಜಿ ಎಂದಿದ್ದ ಲಗಮಪ್ಪ. ನೂರಾ ನಲವತ್ತು, ಒಂದು, ಎರಡು, ಎಣಿಕೆ ತಪ್ಪಿದರೂ ಕೈ ತಪ್ಪುತ್ತಿಲ್ಲ.

ಮೇಳಕ್ಕೆ ಒಬ್ಬ ಕಡಿಮೆ ಬಿದ್ದ ವರ್ಷ ಅವಳಿಗೆ ಗಂಡು ಅಂಗಿ ತೊಡಿಸಿ, ತಲೆಗೆ ರುಮಾಲು ಸುತ್ತಿ ನಿಲ್ಲಿಸಿದರು, ಯಾರಿಗೆ ಗೊತ್ತಾಗುತ್ತದೆ ಅಂತ, ಆದರೆ ಅಂಗಿ ಹೊಲಿದವನಿಗೆ ಗೊತ್ತಾಗದೆ ಇರುತ್ತದೆಯೇ, ದರ್ಜಿ ದಸ್ತಗೀರಸಾಬ, ಅವಳ ಅಬ್ಬಾ, ಗಜಕೋಲು ಹಿಡಿದೇ ಬಂದ, ಸುತ್ತಿನ ನಡುವೆ, ಊರ ಮುಂದೆ, ಮೊಣಕಾಲ ಕೆಳಗಿನ ಎಲುಬಿಗೆ ಸರಿಯಾಗಿ ಬಾರಿಸಿದ, ಲಟ್ ಅಂದಿತು, ಮುರಿದದ್ದು ಕೋಲೋ ಕಾಲೋ ಒಂದು ಕ್ಷಣ ಯಾರಿಗೂ ತಿಳಿಯಲಿಲ್ಲ, ಕೋಲು ಮುರಿದಿತ್ತು. ಮನೆಯಲ್ಲಿ ಉರ್ದು ಆಡುವವನು ಅವತ್ತು ಊರೆಲ್ಲ ಕೇಳಲಿ ಅಂತ ಕನ್ನಡದಲ್ಲೇ ಬೈದ, ನನ್ನ ಕಾಲು ಮಶೀನಿನ ಮ್ಯಾಲ ಹೊಟ್ಟಿಗಾಗಿ ಕುಣೀತೈತಿ, ನಿನ್ನ ಕಾಲು ಯಾತಕ್ಕ ಕುಣೀತೈತಿ ಹೇಳು. ಇವತ್ತು ಅವಳು ಮೊದಲ ಸಲ ಒತ್ತಿದಾಗಲೂ ಲಟ್ ಅಂದಿತು, ಅಬ್ಬಾನ ಪಕ್ಕೆಲುಬು, ಮುರಿಯುತ್ತವೆ, ಮುರಿದರೂ ನಿಲ್ಲಿಸಬಾರದು ಅಂತ ಪುಸ್ತಕದಲ್ಲೇ ಇದೆ, ಆದರೆ ಒಳಗೆ ಎಲ್ಲೋ ಒಂದು ಕೆಟ್ಟ ಮೂಲೆ ಒಂದಕ್ಕೆ ಒಂದು ಅಂದಿತಲ್ಲ, ಅಂದಿತು, ಸುಳ್ಳೇಕೆ ಹೇಳುವುದು, ಥೂ ನನ್ನ ಜನ್ಮಕ್ಕೆ. ಕಿಲೋಮೀಟರ್ ಕಲ್ಲು ಹಿಂದೆ ಹೋಯಿತು, ಎಷ್ಟಿತ್ತು ಅದರ ಮೇಲೆ, ಎಂಟೋ ಒಂಬತ್ತೋ, ಬೆವರು ಕಣ್ಣಿಗಿಳಿದು ಕಾಣಲಿಲ್ಲ.

ನಾ ಸ್ವಲ್ಪ ಮಾಡ್ಲೇನ್ರಿ ಸಿಸ್ಟರ್, ಭಾಳ ದಣದೀರಿ ಎಂದು ಹಿಂದಿನ ಸೀಟಿನ ಮಾಸ್ತರೊಬ್ಬರು ಮಂಡಿಯೂರಿದರು, ಬಿಟ್ಟುಕೊಟ್ಟಳು, ಪಾಪ ಒಳ್ಳೆಯ ಮನುಷ್ಯ, ರೊಟ್ಟಿ ತಟ್ಟುವವರ ಹಾಗೆ ಪಟಪಟ ತಟ್ಟಿದರು, ಉಂಗುರ ಸಪ್ಪಳ ಮಾಡಲಿಲ್ಲ, ಕಾಲು ಹಾಗೇ ಬಿದ್ದಿತ್ತು, ಸರೀರಿ ಸರ್, ಸರೀರಿ ಅಂತ ಅವರನ್ನು ತಳ್ಳಿಯೇ ಮತ್ತೆ ಕೈ ಊರಿದಳು, ಟಣ್, ಹಾಂ, ಇದು, ಇಷ್ಟು ಆಳ. ತರಬೇತಿಯಲ್ಲಿ ರಬ್ಬರಿನ ಗೊಂಬೆ ಇಟ್ಟು ಒತ್ತಲು ಹೇಳಿದಾಗ ಹುಡುಗಿಯರೆಲ್ಲ ಎಣಿಕೆಯಲ್ಲಿ ಒಂದೋ ಓಡಿದರು ಒಂದೋ ಎಡವಿದರು, ಇವಳೊಬ್ಬಳದೇ ಐದು ನಿಮಿಷವೂ ಒಂದೇ ಎಣಿಕೆ, ಕೈಯಾಗ ಗಡಿಯಾರ ಇಟಗೊಂಡಾಳ ನೋಡ್ರಿ ಈಕಿ, ಎಲ್ಲಿ ಕಲತಿ ಅಂತ ಮೇಡಂ ಕೇಳಿದರು. ಎಲ್ಲಿ ಕಲಿತದ್ದು — ಹೆರಿಗೆ ಕೋಣೆಯಲ್ಲಿ ಕಿರುಚುವ ಹೆಂಗಸಿನ ಬೆನ್ನು ತಟ್ಟುತ್ತ ಉಸಿರನ್ನು ಒಂದು ದಾರಿಗೆ ತರುವುದು ಎಲ್ಲಿ ಕಲಿತದ್ದು, ಹನ್ನೆರಡು ತಾಸು ನಿಂತರೂ ಸೊಂಟ ಹಿಡಿಯದ ಹಾಗೆ ಕಾಲು ಬದಲಿಸುವುದು, ಬೆದರಿದ ಕೂಸಿನ ಕೈ ಅಲುಗುವ ಮೊದಲೇ ಅದು ಎತ್ತ ಅಲುಗುತ್ತದೆಂದು ತಿಳಿದು ಸೂಜಿ ಚುಚ್ಚುವುದು, ಎಲ್ಲ ಆ ಕಣದ ಮಣ್ಣಿನದು, ಪಕ್ಕದವನ ಮೈ ನೋಡದೆಯೇ ಪಕ್ಕದವನ ಹೆಜ್ಜೆ ತಿಳಿಯಬೇಕು ಎಂದ ಲಗಮಪ್ಪನದು. ಅವಳು ಹೇಳಿದ್ದು ಬೇರೆ. ನಮ್ಮಪ್ಪನ ಹೊಲಿಗಿ ಮಶೀನಿನ ಸಪ್ಪಳ ಕೇಳಿ ಕೇಳಿ ಬಂದೈತ್ರಿ ಮೇಡಂ. ಆ ಸುಳ್ಳು ಅಬ್ಬಾನ ಕಿವಿಗೆ ಬಿತ್ತು, ಹಿಗ್ಗಿ ಹೀರೇಕಾಯಿ ಆದ, ಅಂಗಡಿಗೆ ಬಂದವರಿಗೆಲ್ಲ ಅದೇ ಮಾತು, ಈ ಮಶೀನಽ ನನ್ನ ಮಗಳನ್ನ ನರ್ಸ್ ಮಾಡಿದ್ದು ನೋಡ್ರಿ, ಪೆಡಲಿನ ಮೇಲೆ ಬಲಗಾಲು ಇಟ್ಟು ತೋರಿಸುತ್ತಿದ್ದ, ಇದಽ ಕಾಲು. ಟಣ್, ಇದೇ ಕಾಲು.

ಇವತ್ತು ಫಿರದೋಸಳ ಕೂಸು ಅಳು ನಿಲ್ಲಿಸಲಿಲ್ಲ, ಅವಳು ಹೆಗಲಿಗೆ ಹಾಕಿಕೊಂಡು ಅಂಗಳದಲ್ಲಿ ತಿರುಗುತ್ತಿದ್ದಳು, ಕಾಲು ತನ್ನಷ್ಟಕ್ಕೆ ಕಣದಲ್ಲಿ ಕಲಿತ ಹೆಜ್ಜೆ ಹಾಕಿತು, ಎತ್ತಿ, ಊರಿ, ಎತ್ತಿ, ಊರಿ, ಕೂಸು ನಿದ್ದೆ ಹೋಯಿತು, ತಿರುಗಿದರೆ ಬಾಗಿಲಲ್ಲಿ ಅಬ್ಬಾ ನಿಂತು ಅವಳ ಕಾಲನ್ನೇ ನೋಡುತ್ತಿದ್ದ. ಬಸ್ಸಿನಲ್ಲಿ ಅಂದ. ಕಿಟಕಿಯ ಹೊರಗೆ ನೋಡುತ್ತಲೇ, ಕನ್ನಡದಲ್ಲೇ, ಕೌಸರ್, ನಿನ್ನ ಕೈಯಾಗಿನ ಎಣಿಕಿ ನನ್ನ ಮಶೀನಿಂದಲ್ಲ ಹೌದಲ್ಲ, ಅದು ಲಗಮಪ್ಪನ ಹೆಜ್ಜೀದು, ಅವತ್ತ ನಾ — ಅಷ್ಟಕ್ಕೇ ನಿಲ್ಲಿಸಿ ಅವಳ ಕಡೆ ತಿರುಗಿದ, ಕಾದ. ಹೌದು ಅನ್ನಬಹುದಿತ್ತು, ಹೂಂ ಅಂದರೂ ಸಾಕಿತ್ತು. ಹತ್ತೊಂಬತ್ತು ವರ್ಷ ನಾನು ಕಾದಿಲ್ಲವೇ, ಬೈಲಹೊಂಗಲದ ತನಕ ಇವನೂ ಕಾಯಲಿ ಅನ್ನಿಸಿತು, ಅಷ್ಟೇ, ಸಿಟ್ಟೂ ಇರಲಿಲ್ಲ, ಮೊಬೈಲಿನಲ್ಲಿ ನೋಡುವಂಥದ್ದೂ ಏನಿರಲಿಲ್ಲ.

ಮನೆಗಳು ಬಂದವು, ಹಾರ್ನ್, ಹಾರ್ನ್, ಮಾರ್ಕೆಟ್ಟಿನ ಲಾರಿಗಳು, ಸರೀರೋ ಎಂದು ಅನ್ನಪೂರ್ಣಾ ಬಾಗಿಲಿಗೆ ಜೋತು ಕೂಗುತ್ತಿದ್ದಾಳೆ, ಬಂತ್ರಿ ಸಿಸ್ಟರ್, ಬಂತು, ಇನ್ನ ಎರಡಽ ನಿಮಿಷ, ಟಣ್ — ಟಣ್ — ಯಾಕೆ ಇಷ್ಟು ತಡವಾಗಿ ಕೇಳುತ್ತಿದೆ, ಬಸ್ಸು ನಿಧಾನವಾದದ್ದಕ್ಕೋ, ಅಲ್ಲ, ಕೈ, ಅವಳ ಕೈ, ಎಳೆದೆಳೆದು ಇಡುತ್ತಿದೆ, ಮಣ್ಣು ಕಟ್ಟಿದ ಕಾಲಿನಂತೆ, ಯಾವಾಗ ಬದಲಾಯಿತು, ಯಾವ ಕಲ್ಲಿನ ಹತ್ತಿರ, ಇದು ಬೇಗದ ಹೆಜ್ಜೆ ಅಲ್ಲ, ಇದು ಆ ಕೊನೆಯ ದಿನದ್ದು, ಬೇಡ, ಇದಲ್ಲ, ಬೇಗದ್ದು, ಬೇಗದ್ದು ಎಂದು ಹಲ್ಲು ಕಚ್ಚಿ ಒತ್ತಿದಳು, ನಾಲ್ಕು ಸಲ ಬೇಗ ಬಂತು, ಐದನೆಯದು ತಾನಾಗಿ ಹೊಳೆಯ ಕಡೆಗೇ ಎಳೆಯಿತು, ಮೈ ತಿಳಿದದ್ದನ್ನು ತಲೆ ಒಪ್ಪುತ್ತಿಲ್ಲ. ಬಿಡು ನನ್ನವ್ವಾ, ಸಾಕು, ಮಾರಿ ನೋಡು ಅವಂದು ಎಂದು ಯಾರೋ ಮುದುಕಿ ಅವಳ ತಲೆ ಸವರಿದಳು. ಬಸ್ಸು ದವಾಖಾನೆಯ ಗೇಟಿನೊಳಗೆ ನಿಂತಿತು, ಬಾಗಿಲು ತೆರೆಯಿತು, ಸ್ಟ್ರೆಚರಿನ ಗಾಲಿಗಳ ಸಪ್ಪಳ, ಓಡಿ ಬರುವ ಕಾಲುಗಳು, ಅವಳು ಬಾಗಿ ಅಬ್ಬಾನ ಕಿವಿಯ ಹತ್ತಿರ ಹೌದು ಅಂದಳು, ಹೌದು ಅಬ್ಬಾ, ಅದು ಹೆಜ್ಜೀದಽ, ಅಂದು ಇನ್ನೊಮ್ಮೆ ಒತ್ತಿದಳು, ಟಣ್, ಕೈ ಎತ್ತಿದಳು, ಲಗಮಪ್ಪ ಹೇಳಿದ ಹಾಗೆ ಪೂರಾ ಎತ್ತಿದಳು, ಎತ್ತಿ ಹಿಡಿದು ಕಾದಳು, ಒಂದು ಸಲ ಆ ಕಾಲೇ ತನ್ನಷ್ಟಕ್ಕೆ ಹಾರಲಿ, ಒಂದೇ ಒಂದು ಸಲ — ತಾಮ್ರದ ಉಂಗುರ, ಸೀಟಿನ ಕಬ್ಬಿಣದ ಕಾಲು, ನಡುವೆ ಒಂದು ಬೆರಳಿನಷ್ಟು ಜಾಗ, ಉಂಗುರ, ಕಬ್ಬಿಣ, ನಡುವೆ ಒಂದು ಬೆರಳಿನಷ್ಟು