ಬೀಳದ ಟೊಪ್ಪಿ

ತುಟಿಗಳ ನಡುವೆ ಏಳು ಪಿನ್ನುಗಳು, ನಾಲಿಗೆಗೆ ಕಬ್ಬಿಣದ ರುಚಿ, ಇನ್ನು ಮಾತನಾಡುವ ಹಾಗಿಲ್ಲ, ಒಳ್ಳೆಯದೇ ಆಯಿತು, ಅಜ್ಜೀ ಟೈಟ್ ಮಾಡಿ, ಇನ್ನೂ ಟೈಟ್, ಬಿದ್ದರೆ ಐ ಆ್ಯಮ್ ಔಟ್, ಎನ್ನುತ್ತಾಳೆ ಅಕ್ಷಿತಾ, ನನ್ನ ಮಗ ಜಯಪಾಲನ ಮಗಳು, ಹದಿನಾರು ವರ್ಷ, ಕನ್ನಡಿಯಲ್ಲಿ ನನ್ನ ಗಲ್ಲದ ಕೆಳಗೆ ಅವಳ ಮುಖ, ತಲೆಯ ಮೇಲೆ ಆ ಬಿಳಿ ಟೊಪ್ಪಿ, ಅಗಲ ಅಂಚು, ಮುಂಭಾಗದಲ್ಲಿ ಮಿಣುಕುವ ಸಣ್ಣ ಕಿರೀಟ — ಡೇರೆಯ ಬಟ್ಟೆ ಉಬ್ಬಿ ಇಳಿಯುತ್ತಿದೆ, ಯಾರೋ ಆಚೆಯಿಂದ ಉಸಿರಾಡುತ್ತಿರುವ ಹಾಗೆ, ಗಾಳಿ ಇದೆ ಇವತ್ತು, ಆವತ್ತೂ ಇತ್ತು. ಕೊಲ್ಲಿಯ ಈ ರುವೈಸಿನ ಎಣ್ಣೆ ಕಂಪೆನಿ ಮನೆಗಳಲ್ಲಿರುವ ಅಮೆರಿಕದ ಎಂಜಿನಿಯರುಗಳು ತಮ್ಮೂರಿನ ರೋಡಿಯೋ ಎಂಬ ಕುದುರೆ ಸವಾರಿಯ ಹಬ್ಬವನ್ನು ಈ ಮರಳಿಗೆ ಹೊತ್ತು ತಂದವರು, ಫೆಬ್ರವರಿಯ ಒಂದು ಶುಕ್ರವಾರ, ವರ್ಷಕ್ಕೊಬ್ಬಳು ರಾಣಿ, ರಾಣಿಯಾಗುವವಳು ಕುದುರೆಯನ್ನು ನಾಗಾಲೋಟದಲ್ಲಿ ಮೂರು ಸುತ್ತು ಓಡಿಸಬೇಕು, ಒಂದು ಕೈಯಲ್ಲಿ ಲಗಾಮು, ಇನ್ನೊಂದು ಕೈಗೆ ಬಿಳಿ ಗವಸು, ಆ ಕೈ ಜನರತ್ತ ಬೀಸುತ್ತಲೇ ಇರಬೇಕು, ಬಲ್ಬನ್ನು ಹೋಲ್ಡರಿಗೆ ತಿರುಗಿಸುವ ಹಾಗೆ ಮಣಿಕಟ್ಟು ಮಾತ್ರ, ಟೊಪ್ಪಿ ಬಿದ್ದರೆ ಸ್ಪರ್ಧೆಯಿಂದ ಹೊರಗೆ. ನಿಯಮಗಳ ಆ ಕಾಗದವನ್ನು ನಾನೇ ಓದಿದ್ದೇನೆ, ಐವತ್ತು ದಾಟಿದ ಮೇಲೆ ರಾತ್ರಿ ಶಾಲೆಯಲ್ಲಿ ಕಲಿತ ಇಂಗ್ಲಿಷು, ಒಂದೊಂದೇ ಅಕ್ಷರಕ್ಕೆ ಬೆರಳಿಟ್ಟು, ಹ್ಯಾಟ್, ಫಾಲ್ — ಮೊದಲನೆಯ ಪಿನ್ನು, ಕಿವಿಯ ಹಿಂದೆ, ಅಲ್ಲಾಡಬೇಡ ಮಗಾ, ಅಂತ ಬಾಯಿ ತೆರೆಯದೆ ಹೇಳುವುದು ಹೇಗೆ, ಅಪ್ಪನೂ ಹೀಗೇ ಪಿನ್ನು ಕಚ್ಚಿಕೊಂಡೇ ಕೆಲಸ ಮಾಡುತ್ತಿದ್ದ, ಯಕ್ಷಗಾನದ ಚೌಕಿಯಲ್ಲಿ ವೇಷಧಾರಿಗಳಿಗೆ ಮುಂಡಾಸು ಬಿಗಿಯುವವನು, ಎಷ್ಟು ಸುತ್ತು ಕುಣಿದರೂ ಅಲುಗದ ಗಂಟು, ಹರಿಣಾಕ್ಷೀ ನೋಡಿಕೋ, ಕುತ್ತಿಗೆ ಬೇಕಾದರೆ ಹೋಗಲಿ, ಮುಂಡಾಸು ಹೋಗಬಾರದು, ಅಂತ ನಗುತ್ತಿದ್ದ, ನಾನೂ ನಗುತ್ತಿದ್ದೆ.

ಎರಡನೆಯದು, ಮೂರನೆಯದು, ಕೂದಲು ಹೊಂಬಣ್ಣವಲ್ಲ, ಕಪ್ಪು, ಕಪ್ಪು ಅಂತ ಮತ್ತೆ ಮತ್ತೆ ನೋಡಿಕೊಳ್ಳುತ್ತೇನೆ, ಐದು ವರ್ಷದ ಹಿಂದೆ ಇದೇ ಡೇರೆಯಲ್ಲಿ ಕುಳಿತವಳು ತೆರೆಸಾ, ಆ ಎಂಜಿನಿಯರುಗಳಲ್ಲೊಬ್ಬನ ಮಗಳು, ಆವತ್ತೂ ಟೊಪ್ಪಿ ಕಟ್ಟಿದವಳು ನಾನೇ, ಆಂಟೀ ಟೂ ಟೈಟ್, ತಲೆ ನೋಯುತ್ತದೆ, ಎಂದಳು, ನಾನು ತಾಳು ಮಗಾ ಐದು ನಿಮಿಷ ಎಂದೆ, ತಾಳ್ಮೆ ನನ್ನ ದೊಡ್ಡ ಗುಣ ಎಂದು ಎಲ್ಲರೂ ಹೇಳುವುದುಂಟು, ಏಳು ಪಿನ್ನು, ಅದರ ಮೇಲೆ ಜಡೆಯ ಒಳಗಿಂದ ಎಳೆದು ಕೆಂಪು ದಾರದಲ್ಲಿ ಮೂರು ಗಂಟು, ಅಪ್ಪನ ಗಂಟು. ಎರಡನೆಯ ಸುತ್ತಿನಲ್ಲಿ ಗಾಳಿ ಹಿಂದಿನ ಅಂಚಿನ ಕೆಳಗೆ ಹೊಕ್ಕಿತು, ಟೊಪ್ಪಿ ಕಣ್ಣಿನ ಮೇಲೆ ಜಾರಿತು, ಮೇಲಕ್ಕೂ ಬರಲಿಲ್ಲ, ಕಳಚಲೂ ಇಲ್ಲ, ಬಿಳಿ ಗವಸಿನ ಕೈ ಟೊಪ್ಪಿಗೆ ಹೋಗುವುದು, ಕೀಳಲಾರದೆ ಬರುವುದು, ಎದುರಿಗೆ ಕಬ್ಬಿಣದ ಗೇಟು. ಸದ್ದು ಜೋರಾಗಿ ಆದ ನೆನಪಿಲ್ಲ. ಧೂಳಿನಲ್ಲಿ ಮಲಗಿದ್ದಳು, ಗಲ್ಲದವರೆಗೆ ಟೊಪ್ಪಿ, ಕೈ ಮಾತ್ರ ಮೇಲೆ, ಮಣಿಕಟ್ಟು ಒಮ್ಮೆ ತಿರುಗಿತು, ಮತ್ತೊಮ್ಮೆ, ಬಲ್ಬು ಹಾಕುವ ಹಾಗೆ, ನೋಡುವವರ ಮೆಟ್ಟಿಲ ಮೇಲಿದ್ದ ಜನ ಇದೂ ಆಟದ ಭಾಗವೆಂದು ನಗುತ್ತ ತಿರುಗಿ ಕೈ ಬೀಸಿದರು — ನಾನೂ. ಗಂಟು ಹಾಕಿದವಳು, ಎಲ್ಲ ಗೊತ್ತಿದ್ದವಳು, ನಾನೂ ಬೀಸಿದೆ. ಆಂಬುಲೆನ್ಸ್ ಬರುವಾಗ ಕೈ ನಿಂತಿತ್ತು, ಉಸಿರೂ. ಕುದುರೆ ಬೆದರಿತು ಎಂದರು, ನಾನು ಹೌದು ಎಂದೆ.

ಐದು ವರ್ಷ ರಾಣಿಯರಿಲ್ಲ, ಈ ಸಲ ಮತ್ತೆ ಶುರು, ತೆರೆಸಾಳ ತಾಯಿ ಅಮೆರಿಕದಿಂದ ಅದೇ ಟೊಪ್ಪಿಯನ್ನು ಕಳಿಸಿದ್ದಾಳೆ, ಮುಂದಿನವಳು ಧರಿಸಲಿ ಎಂದು, ಒಳಪಟ್ಟಿಯನ್ನು ಮಡಚಿದರೆ ಬೆರಳುದ್ದದ ಕೆಂಪು ದಾರ ಇನ್ನೂ ಇದೆ, ಅದಕ್ಕೆ ಸುತ್ತಿಕೊಂಡ ಒಂದೇ ಒಂದು ಹೊಂಬಣ್ಣದ ಕೂದಲು, ಅಕ್ಷಿತಾ ನೋಡಿಲ್ಲ, ಪ್ರತಿ ಶುಕ್ರವಾರ ಲಾಯದ ಸಗಣಿ ಬಾಚಿ ಸವಾರಿ ಕಲಿತವಳು, ನಮ್ಮವರಲ್ಲಿ ನಾನೇ ಫಸ್ಟ್ ಅಜ್ಜೀ, ಅಂತ ತಿಂಗಳಿಂದ ನಿದ್ದೆಯಿಲ್ಲ ಅದಕ್ಕೆ, ಹೊರಗೆ ಜಯಪಾಲ ಉಡುಪಿಯವರನ್ನೆಲ್ಲ ಸೇರಿಸಿ ಮೊಬೈಲ್ ಹಿಡಿದು ನಿಂತಿದ್ದಾನೆ — ಯಲ್ಲಾ ಅಮ್ಮಾ, ಬೇಗ, ಕುದುರೆ ನಿಲ್ಲುವುದಿಲ್ಲ, ಎನ್ನುತ್ತ ಡೇರೆಯ ಬಾಗಿಲಲ್ಲಿ ಅಬ್ಬಾಸ್, ಲಾಯ ನೋಡಿಕೊಳ್ಳುವ ನಮ್ಮೂರ ಕಡೆಯ ಬ್ಯಾರಿ, ಆವತ್ತು ಕತ್ತರಿ ತಂದು ಟೊಪ್ಪಿ ಬಿಡಿಸಿದವನು, ಎಂತ ರಾಣೀ, ಪಟ್ಟ ಸಿಕ್ಕಿದ ಮೇಲೆ ಸಗಣಿ ಬಾಚಲಿಕ್ಕೆ ಬರುವುದುಂಟಾ ಇಲ್ಲವಾ, ಅಬ್ಬಾಸ್ ಕಾಕ ಪ್ಲೀಸ್, ಅವಳು ನಗುತ್ತ ಏಳುತ್ತಾಳೆ, ಅವನು ನನ್ನ ಕಿವಿಯ ಹತ್ತಿರ, ಮೆಲ್ಲಗೆ, ಗಾಳಿ ಉಂಟು, ಈ ಸಲ ಎಷ್ಟು ಗಂಟು ಅಮ್ಮ? ಐದು ವರ್ಷದಲ್ಲಿ ಒಮ್ಮೆಯೂ ಕೇಳದವನು. ಬಾಯಲ್ಲಿ ಇನ್ನೂ ನಾಲ್ಕು ಪಿನ್ನು. ಅಜ್ಜೀ ಕಟ್ಟಿದಿರಲ್ಲ? ಹ್ಞೂಂ, ಎಂದೆ. ದಾರದ ಉಂಡೆ ನನ್ನ ಸೆರಗಿನಲ್ಲೇ ಇತ್ತು.

ಕುದುರೆ ಓಡುತ್ತಿದೆ, ಬೇಲಿಯ ಕಂಬ ಹಿಡಿದಿದ್ದೇನೆ, ಒಂದು ಸುತ್ತು, ಬಿಳಿ ಗವಸು, ಎರಡನೆಯದು, ಅದೇ ತಿರುವು, ಗಾಳಿ ಅಂಚಿಗೆ ಕೈ ಹಾಕಿತು — ಟೊಪ್ಪಿ ಹಾರಿತು, ಮರಳಿನ ಮೇಲೆ ಉರುಳಿತು, ಜನರ ಅಯ್ಯೋ ಒಂದೇ ಉಸಿರಾಗಿ, ಜಯಪಾಲನ ಮೊಬೈಲ್ ಕೆಳಗಿಳಿಯಿತು, ಕಪ್ಪು ಕೂದಲು ಬಿಚ್ಚಿ ಹಾರುತ್ತ ಅವಳು ಮೂರನೆಯ ಸುತ್ತನ್ನೂ ಮುಗಿಸಿ ಬಂದಳು, ಇಳಿದು ಎದುರಿಗೆ ನಿಂತಳು, ಯು ಡಿಡಂಟ್ ಟೈ ಇಟ್, ಅಜ್ಜಿ, ಸುಳ್ಳು ಹೇಳಿದಿರಿ, ಕಣ್ಣು ತುಂಬಿದೆ, ಕುತ್ತಿಗೆ ನೆಟ್ಟಗಿದೆ, ಎರಡೂ ಕೈಗಳು ಲಗಾಮಿನ ಮೇಲೆ, ನೋಡಿದೆ, ಒಂದು, ಎರಡು, ಎರಡೂ ಇಲ್ಲಿವೆ, ಪಿನ್ನುಗಳನ್ನು ಉಗುಳಿದ್ದೇನೆ, ಈಗ ಹೇಳಬಹುದು, ಹೇಳಬೇಕು, ಆದರೆ ಅವಳ ಹೆಗಲಾಚೆ, ಆ ಗೇಟಿನ ಹತ್ತಿರ, ಇನ್ನೂ ಕೂರದ ಧೂಳಿನೊಳಗೆ, ನೆಲದಿಂದ ಮೊಳದಷ್ಟು ಮೇಲೆ, ಬಿಳಿ ಗವಸು, ಮಣಿಕಟ್ಟು ಮಾತ್ರ, ಒಮ್ಮೆ, ಮತ್ತೊಮ್ಮೆ, ನನ್ನ ಕಡೆಗೇ, ಮತ್ತು ನನ್ನ ಈ ಬಲಗೈ, ಕಂಬ ಬಿಟ್ಟು, ಬೇಡ, ಏಳುತ್ತಿದೆ, ಕೈ, ಬಿಳಿ ಕೈ —